ಒಂದು ಮಹಡಿ, ಮೂರು ನೆಲ: ಸರಸ್ವತಿಪುರಂ ಮನೆಯಲ್ಲಿ ಹಳೇ ನೆಲಹಾಸು ಕಿತ್ತ ಪ್ರಕರಣ

ಮೈಸೂರಿನ ಸರಸ್ವತಿಪುರಂನಲ್ಲಿ 1982ರಲ್ಲಿ ಕಟ್ಟಿದ ಮನೆ. ಕೆಳಗೆ ವಯಸ್ಸಾದ ದಂಪತಿ ಇದ್ದಾರೆ. ಯಜಮಾನರು ನಿವೃತ್ತ ಮೇಷ್ಟ್ರು. ಮಹಡಿ ಬಹಳ ವರ್ಷ ಬಾಡಿಗೆಗೆ ಇತ್ತು. ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟ್, ಆಮೇಲೆ ಒಂದು ಆಫೀಸು. ಶ್ರಾವಣದಲ್ಲಿ ಮಗಳ ಸಂಸಾರ ಮಹಡಿಗೆ ಬರುವುದಿತ್ತು. ಅಷ್ಟರೊಳಗೆ ಹಳೇ ನೆಲ ಕಿತ್ತು ಹೊಸದು ಹಾಕಿಸಬೇಕು ಅಂತ ಆಷಾಢದಲ್ಲಿ ಒಬ್ಬ ಗುತ್ತಿಗೆದಾರರಿಗೆ ಕೆಲಸ ಒಪ್ಪಿಸಿದರು. ಅವರ ಹುಡುಗರು ಕಾಂಕ್ರೀಟ್ ಒಡೆಯುವ ದೊಡ್ಡ ಬ್ರೇಕರ್ ತಂದು ಹಾಲ್‌ನ ಮೂಲೆಯಿಂದ ಶುರು ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಹಾಲ್‌ನಲ್ಲಿ ಸೀಲಿಂಗ್ ಗಾರೆ ಎರಡು ಕಡೆ ಕಳಚಿ ಬಿತ್ತು. ಆ ಹೊತ್ತಿಗೆ ಅಮ್ಮ ಅಡಿಗೆಮನೆಯಲ್ಲಿದ್ದರು, ಯಾರಿಗೂ ಪೆಟ್ಟಾಗಲಿಲ್ಲ. ಕೆಲಸ ನಿಂತಿತು.

ನೆಲದ ಕೆಲಸ ಮಾಡುವ ನಮ್ಮನ್ನು ಕರೆದದ್ದು ಆಮೇಲೆ. ಮೂಲೆಯಲ್ಲಿ ಸುಮಾರು ಎರಡು ಅಡಿ ಅಗಲದ ಗುಂಡಿ ಬಿದ್ದಿತ್ತು. ಟೈಲ್ಸ್, ಅದರ ಕೆಳಗಿನ ಗಾರೆ, ಅದಕ್ಕೂ ಕೆಳಗಿನ ಮೂಲ ಸಿಮೆಂಟ್ ನೆಲ, ಮೂರನ್ನೂ ದಾಟಿ ಉಳಿ ಮೋಲ್ಡಿನ, ಅಂದರೆ ಸ್ಲ್ಯಾಬಿನ, ಕಾಂಕ್ರೀಟ್‌ಗೆ ಇಳಿದಿತ್ತು. ಒಂದು ಕಂಬಿ ಅರ್ಧ ಅಡಿಯಷ್ಟು ಹೊರಗೆ ಕಾಣುತ್ತಿತ್ತು.

"ಕೀಳೋದಕ್ಕೇ ಹಿಂಗಾದ್ರೆ ಮುಂದೆ ಏನಪ್ಪಾ ಗತಿ?" ಅಂದರು ಮೇಷ್ಟ್ರು.

"ಕಂಬಿ ತುಂಡಾಗಿಲ್ಲ ಸಾರ್. ಸರಿ ಮಾಡಬಹುದು. ಆದರೆ ಕೆಳಗೆ ಏನಿದೆ ಅಂತ ಗೊತ್ತಾಗೋ ತನಕ ಒಂದು ಟೈಲ್ಸೂ ಎತ್ತೋದು ಬೇಡ" ಅಂದೆ.

ನೆಲ ಹಾಕುವುದು ಕಸುಬು, ಕೀಳುವುದು ಬರೀ ಕೂಲಿ ಅಂತ ಬಹಳ ಜನ ತಿಳಿದಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಹಾಕುವಾಗ ತಪ್ಪಾದರೆ ಹಾಳಾಗುವುದು ನೆಲ ಮಾತ್ರ. ಕೀಳುವಾಗ ತಪ್ಪಾದರೆ ಹಾಳಾಗುವುದು ಮನೆಯ ತಾರಸಿ. ಈ ಮನೆಯಲ್ಲಿ ಮೂರು ಕೋಣೆಗೆ ಮೂರು ಬೇರೆ ಬೇರೆ ದಾರಿ ಹಿಡಿಯಬೇಕಾಯಿತು. ಅದಕ್ಕೇ ಇದನ್ನು ಪೂರ್ತಿ ಬರೆಯುತ್ತಿದ್ದೇನೆ.

ಕೆಳಗಿನ ಗಾರೆ ಯಾಕೆ ಬಿತ್ತು

ಬ್ರೇಕರ್ ಹೊಡೆದದ್ದು ಮೇಲೆ, ಬಿದ್ದದ್ದು ಕೆಳಗೆ. ಇದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಕಾಂಕ್ರೀಟ್ ಅದುಮಿದರೆ ಚೆನ್ನಾಗಿ ತಡೆಯುತ್ತದೆ. ಎಳೆದರೆ ತಡೆಯುವುದು ಅದರ ಹತ್ತನೇ ಒಂದು ಭಾಗದಷ್ಟು ಮಾತ್ರ. ಮೇಲಿಂದ ಬಿದ್ದ ಹೊಡೆತ ಒತ್ತಡದ ಅಲೆಯಾಗಿ ಸ್ಲ್ಯಾಬಿನೊಳಗೆ ಇಳಿಯುತ್ತದೆ. ತಳದಲ್ಲಿ ಆಚೆಗೆ ಬರೀ ಗಾಳಿ. ಅಲೆ ಅಲ್ಲಿಂದ ವಾಪಸ್ ತಿರುಗುವಾಗ ಎಳೆತವಾಗುತ್ತದೆ. ಮೊದಲೇ ಟೊಳ್ಳಾಗಿದ್ದ ಸೀಲಿಂಗ್ ಗಾರೆಗೆ ಅಷ್ಟು ಸಾಕು.

ಹೊಡೆತದ ಲೆಕ್ಕವೂ ನೋಡಿ. ಹದಿನಾರು ಹದಿನೇಳು ಕೆಜಿ ತೂಗುವ ಬ್ರೇಕರಿನ ಒಂದೊಂದು ಹೊಡೆತದಲ್ಲಿ ಸುಮಾರು 40 ಜೂಲ್ ಶಕ್ತಿ ಇರುತ್ತದೆ. ಕೈಯಲ್ಲಿ ಹಿಡಿಯುವ ಸಣ್ಣ ರೋಟರಿ ಹ್ಯಾಮರಿನದು 3 ಜೂಲ್ ಆಸುಪಾಸು. ಮನೆಯ ಸ್ಲ್ಯಾಬ್ ನಾಲ್ಕೂವರೆ ಇಂಚು ಇರುವಲ್ಲಿ ಆ ದೊಡ್ಡ ಯಂತ್ರಕ್ಕೆ ಕೆಲಸವೇ ಇಲ್ಲ. ಕಣ್ಣಿಗೆ ಕಾಣುವ ಗುಂಡಿ ಒಂದು ನಷ್ಟ. ಕಾಣದ ನಷ್ಟ ಇನ್ನೊಂದಿದೆ. ದೊಡ್ಡ ಉಳಿ ಬಿದ್ದ ಜಾಗದ ಸುತ್ತ ಕಾಂಕ್ರೀಟ್‌ನ ಮೇಲ್ಪದರದಲ್ಲಿ ಕೂದಲೆಳೆಯ ಬಿರುಕುಗಳು ಹಬ್ಬುತ್ತವೆ. ಅದರ ಮೇಲೆ ಎಷ್ಟೇ ಒಳ್ಳೆಯ ಅಂಟು ಹಾಕಿ ಟೈಲ್ಸ್ ಕೂರಿಸಿದರೂ, ಸ್ವಲ್ಪ ಕಾಲದ ಮೇಲೆ ಆ ಪದರದ ಸಮೇತ ಏಳುತ್ತದೆ.

ಶುರು ಮಾಡಿದ ಜಾಗವೂ ಸರಿ ಇರಲಿಲ್ಲ. ಸ್ಲ್ಯಾಬಿನ ನಡುವೆ ಮುಖ್ಯ ಕಂಬಿ ತಳದಲ್ಲಿರುತ್ತದೆ. ಗೋಡೆ ಮತ್ತು ಬೀಮಿನ ಹತ್ತಿರ ಅದರಲ್ಲಿ ಕೆಲವನ್ನು ಬಗ್ಗಿಸಿ ಮೇಲಕ್ಕೆ ತಂದಿರುತ್ತಾರೆ. ಆ ಕಾಲದ ಮೋಲ್ಡುಗಳಲ್ಲಿ ಹೀಗೆ ಬಗ್ಗಿಸಿದ ಕಂಬಿ ಹಾಕುವುದೇ ರೂಢಿ. ಅಲ್ಲಿ ಕಂಬಿಯ ಮೇಲೆ ಇರುವ ಕಾಂಕ್ರೀಟ್ 15ರಿಂದ 20 ಮಿಲಿಮೀಟರ್ ಅಷ್ಟೇ. ಗೋಡೆಯಂಚಿನಲ್ಲಿ ಉಳಿ ಕೈ ತಪ್ಪಿದರೆ ಸಿಗುವುದು ಕಂಬಿಯೇ.

ಮೊದಲು ಕೆಳಗೆ, ಆಮೇಲೆ ಮೇಲೆ

ಕೆಳಗಿನ ಹಾಲ್‌ನ ಸೀಲಿಂಗನ್ನು ಉದ್ದ ಕೋಲಿನಿಂದ ಪೂರ್ತಿ ತಟ್ಟಿ ನೋಡಿದೆವು. ಟೊಳ್ಳು ಸದ್ದು ಬಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಸಾಮಾನು ಸರಿಸಿ, ನೆಲಕ್ಕೆ ಗೋಣಿ ಹಾಸಿ, ಆ ಗಾರೆಯನ್ನು ನಾವೇ ಇಳಿಸಿದೆವು. ಫ್ಯಾನ್ ಕೊಕ್ಕೆ ಸುತ್ತ ಒಂದು ದೊಡ್ಡ ಭಾಗ ಟೊಳ್ಳಾಗಿತ್ತು. ಮಹಡಿ ಕೆಲಸ ಮುಗಿಯುವ ತನಕ ಆ ಹಾಲ್‌ನಲ್ಲಿ ಯಾರೂ ಕೂರಬಾರದು ಅಂತ ಗಟ್ಟಿಯಾಗಿ ಹೇಳಿದೆವು.

ಮೇಲೆ ಮೂರು ಕೋಣೆಯಲ್ಲೂ ಒಂದೊಂದು ಕಡೆ ಅಂಗೈ ಅಗಲ ಮಾತ್ರ ಬಿಚ್ಚಿ ನೋಡಿದೆವು. ಇದಕ್ಕೆ ಅರ್ಧ ದಿನವೂ ಬೇಡ. ಆದರೆ ಇದನ್ನು ಬಿಟ್ಟು ಯಾರಾದರೂ ರೇಟು ಹೇಳಿದರೆ ನಂಬಬೇಡಿ. ಪದರ ಏನು, ಅದನ್ನು ಹಿಡಿದಿರುವುದು ಏನು, ಕೆಳಗಿರುವುದು ಏನು, ಈ ಮೂರೂ ಗೊತ್ತಾಗದೆ ಯಾವ ಯಂತ್ರ ಬೇಕು ಅಂತ ಹೇಳಲು ಆಗುವುದಿಲ್ಲ.

ಹಾಲ್‌ನಲ್ಲಿ ಸೆರಾಮಿಕ್ ಟೈಲ್ಸ್, ಕೆಳಗೆ ಒಂದೂಕಾಲು ಇಂಚು ಗಾರೆ, ಅದರ ಕೆಳಗೆ ನಯವಾದ ಐಪಿಎಸ್ ಸಿಮೆಂಟ್ ನೆಲ. ನಡುಕೋಣೆಯಲ್ಲಿ ಬಗ್ಗುವ ವಿನೈಲ್ ಶೀಟು, ಹಳದಿ ರಬ್ಬರ್ ಅಂಟು. ಹಿಂದಿನ ಕೋಣೆಯಲ್ಲಿ, ಅಂದರೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇದ್ದಲ್ಲಿ, ಗಟ್ಟಿಯಾದ ಚೌಕದ ಪ್ಲಾಸ್ಟಿಕ್ ಟೈಲ್ಸು. ಬಗ್ಗಿಸಿದರೆ ಟಪ್ ಅಂತ ಮುರಿಯುವಂಥದ್ದು. ಕೆಳಗೆ ಕಪ್ಪು ಡಾಂಬರಿನ ಅಂಟು.

ಆ ಹಿಂದಿನ ಕೋಣೆ ನೋಡಿದ ತಕ್ಷಣ ಬಾಗಿಲು ಹಾಕಿಸಿದೆ.

ಕಪ್ಪು ಅಂಟಿನ ಕೋಣೆ

ಹೊಸ ವಿನೈಲ್ ಮೆತ್ತಗಿರುತ್ತದೆ. ಹಳೆಯ ಗಡಸು ಟೈಲ್ಸಿನಲ್ಲಿ ಆಸ್ಬೆಸ್ಟಾಸ್ ನಾರು ಸೇರಿರುವ ಸಾಧ್ಯತೆ ಇದೆ. ಇದು ಬೇರೆ ದೇಶದ ಕಥೆ ಅಲ್ಲ. ಪಿವಿಸಿ ಆಸ್ಬೆಸ್ಟಾಸ್ ನೆಲದ ಟೈಲ್ಸಿಗೆ ನಮ್ಮಲ್ಲೇ ಐಎಸ್ 3461 ಅಂತ ಪ್ರತ್ಯೇಕ ಮಾನಕ ಇತ್ತು. 1980ರಲ್ಲಿ ಅದರ ಪರಿಷ್ಕೃತ ಪ್ರತಿ ಬಂತು. ಈ ಮನೆ ಅದೇ ಕಾಲದ್ದು. ಕಪ್ಪು ಅಂಟಿನಲ್ಲೂ ಆ ನಾರು ಇರಬಹುದು.

ಟೈಲ್ಸ್ ಇಡಿಯಾಗಿ ನೆಲದ ಮೇಲೆ ಇರುವವರೆಗೆ ದೊಡ್ಡ ಅಪಾಯ ಇಲ್ಲ. ನಾರು ಪ್ಲಾಸ್ಟಿಕ್ಕಿನೊಳಗೆ ಸಿಕ್ಕಿಕೊಂಡಿರುತ್ತದೆ. ಅದನ್ನು ಪುಡಿ ಮಾಡಿದಾಗ, ಗ್ರೈಂಡರ್ ಹಿಡಿದಾಗ, ಒಣಗಿದ ಪುಡಿಯನ್ನು ಪೊರಕೆಯಲ್ಲಿ ಗುಡಿಸಿದಾಗ ಗಾಳಿಗೆ ಬರುತ್ತದೆ. ಉಸಿರಿನಲ್ಲಿ ಒಳಗೆ ಹೋದದ್ದು ಶ್ವಾಸಕೋಶದಲ್ಲಿ ಉಳಿಯುತ್ತದೆ. ಕಾಯಿಲೆ ಕಾಣಿಸಿಕೊಳ್ಳುವುದು ಹತ್ತಾರು ವರ್ಷ ಆದ ಮೇಲೆ, ಆ ಕೆಲಸ ಯಾವುದು ಅಂತ ಕೆಲಸದವನಿಗೇ ಮರೆತಿರುತ್ತದೆ. ನಮ್ಮ ಕೆಲಸದ ಹುಡುಗರಿಗೆ ಇದನ್ನು ಯಾರೂ ಹೇಳುವುದಿಲ್ಲ. ಮೂಗಿಗೆ ಕರ್ಚೀಫು ಕಟ್ಟಿಕೊಂಡು ಗ್ರೈಂಡರ್ ಹಿಡಿಯುತ್ತಾರೆ. ಇದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಒಂದು ತುಂಡು ಟೈಲ್ಸು, ಸ್ವಲ್ಪ ಅಂಟು, ಎರಡನ್ನೂ ಒದ್ದೆ ಮಾಡಿ ಬೇರೆ ಬೇರೆ ಕವರಿನಲ್ಲಿ ಬೆಂಗಳೂರಿನ ಲ್ಯಾಬಿಗೆ ಕಳಿಸಿದೆವು. ಟೈಲ್ಸಿನಲ್ಲಿ ಬಿಳಿ ಆಸ್ಬೆಸ್ಟಾಸ್ ಇದೆ ಅಂತ ರಿಪೋರ್ಟು ಬಂತು. ಅಂಟಿನಲ್ಲಿ ಸಿಗಲಿಲ್ಲ. ಆದರೂ ಟೈಲ್ಸಿನ ಚೂರು ಅಂಟಿಗೆ ಹಿಡಿದಿರಬಹುದು ಅಂತ ಅಂಟನ್ನೂ ಅದೇ ಲೆಕ್ಕದಲ್ಲಿ ನೋಡಿಕೊಂಡೆವು.

ಇಲ್ಲಿ ಗುರಿ ಒಂದೇ, ಟೈಲ್ಸ್ ಮುರಿಯದೆ ಇಡಿಯಾಗಿ ಬರಬೇಕು. ಬಾಗಿಲಿಗೆ ಪಾಲಿಥೀನ್ ಶೀಟು ಅಂಟಿಸಿದೆವು. ಇಬ್ಬರೇ ಒಳಗೆ. ಇಬ್ಬರಿಗೂ ಬಿಸಾಡುವ ಮೇಲಂಗಿ, ಮುಖಕ್ಕೆ ಬಿಗಿಯಾಗಿ ಕೂರುವ, ಅತಿ ಸಣ್ಣ ಕಣವನ್ನೂ ತಡೆಯುವ ಪಿ100 ಫಿಲ್ಟರಿನ ಮಾಸ್ಕು. ಬಟ್ಟೆಯ ಮಾಸ್ಕು ಇಲ್ಲಿ ಏನೂ ಪ್ರಯೋಜನವಿಲ್ಲ. ಹೀಟ್ ಗನ್ನನ್ನು ಕಡಿಮೆ ಉರಿಯಲ್ಲಿಟ್ಟು, ಒಂದು ಗೇಣು ದೂರದಿಂದ, ನಿಲ್ಲಿಸದೆ ಆಡಿಸುತ್ತಾ ಟೈಲ್ಸನ್ನು ಬೆಚ್ಚಗೆ ಮಾಡುವುದು. ಡಾಂಬರು ಮೆತ್ತಗಾಗುತ್ತದೆ. ಗನ್ ಪಕ್ಕಕ್ಕಿಟ್ಟು ಅಂಚಿಗೆ ಸೋಪು ನೀರು ಚಿಮುಕಿಸಿ, ಅಗಲ ಬಾಯಿಯ ಸ್ಕ್ರೇಪರನ್ನು ನೆಲಕ್ಕೆ ಮಲಗಿಸಿ ಒಳಗೆ ತಳ್ಳಿದರೆ, ಕಾದ ಕಾವಲಿಯಿಂದ ದೋಸೆ ಎದ್ದ ಹಾಗೆ ಇಡೀ ಟೈಲ್ಸು ಏಳುತ್ತದೆ. ಉರಿ ಜಾಸ್ತಿ ಮಾಡಬಾರದು. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಕಣ್ಣು ಗಂಟಲು ಉರಿಯುತ್ತದೆ. ಬ್ಲೋ ಲ್ಯಾಂಪ್ ಅಂತೂ ಬೇಡವೇ ಬೇಡ. ಬೆಂಕಿ ಒಂದೇ ಕಡೆ ನಿಂತರೆ ಕಾಂಕ್ರೀಟ್‌ನೊಳಗಿನ ತೇವ ಆವಿಯಾಗಿ ಮೇಲ್ಪದರವನ್ನೇ ಸಿಡಿಸುತ್ತದೆ.

ಎದ್ದ ಟೈಲ್ಸನ್ನು ಒದ್ದೆಯಾಗಿದ್ದಾಗಲೇ ದಪ್ಪ ಕವರಿಗೆ ಹಾಕಿ, ಅದರ ಮೇಲೆ ಇನ್ನೊಂದು ಕವರು ಕಟ್ಟಿ, ಹೆಸರು ಬರೆದು ಬೇರೆ ಇಟ್ಟೆವು. ಇದನ್ನು ಉಳಿದ ಕಟ್ಟಡ ಕಸದ ಜೊತೆ ಸೇರಿಸುವ ಹಾಗಿಲ್ಲ. ಅಪಾಯಕಾರಿ ತ್ಯಾಜ್ಯ ಒಯ್ಯಲು ಅನುಮತಿ ಇರುವವರಿಗೇ ಕೊಟ್ಟೆವು. ಖರ್ಚು ಕೇಳಿ ಮೇಷ್ಟ್ರು ಒಂದು ಕ್ಷಣ ಸುಮ್ಮನಾದರು. ಆಮೇಲೆ "ಯಾವುದೋ ಕೆರೆ ಪಕ್ಕ ಸುರಿಯೋದಕ್ಕಿಂತ ಇದೇ ವಾಸಿ" ಅಂದರು.

ಉಳಿದದ್ದು ಕಪ್ಪು ಅಂಟು. ಪೆಟ್ರೋಲೋ ಥಿನ್ನರೋ ಹಾಕಿ ಒರೆಸಿಬಿಡೋಣ ಅಂತ ಹುಡುಗರು ಕೇಳಿದರು. ಒರೆಸಿದರೆ ಕಣ್ಣಿಗೆ ಹೋದ ಹಾಗೆ ಕಾಣುತ್ತದೆ, ನಿಜ. ಆದರೆ ಕರಗಿದ ಡಾಂಬರು ಕಾಂಕ್ರೀಟಿನ ರಂಧ್ರಕ್ಕೆ ಇಳಿಯುತ್ತದೆ. ಮುಂದೆ ಅಲ್ಲಿ ಸಿಮೆಂಟಿನ ಅಂಟು ಹಿಡಿಯುವುದಿಲ್ಲ. ಬೆಂಕಿಯ ಭಯ ಬೇರೆ. ಆಸಿಡ್ ಮಾತೂ ಬಂತು. ಆಸಿಡ್ಡು ಡಾಂಬರನ್ನು ಏನೂ ಮಾಡುವುದಿಲ್ಲ, ತಿನ್ನುವುದು ಸಿಮೆಂಟನ್ನು. ಅದರಲ್ಲಿರುವ ಕ್ಲೋರೈಡ್ ಒಳಗೆ ಉಳಿದರೆ ಕಂಬಿಗೆ ತುಕ್ಕು ಹಿಡಿಸುತ್ತದೆ. ಟೈಲ್ಸ್ ಮೇಲಿನ ಸಿಮೆಂಟ್ ಕಲೆ ತೆಗೆಯಲು ಆಸಿಡ್ ಸುರಿಯುವ ಅಭ್ಯಾಸ ನಮ್ಮ ಊರಲ್ಲಿ ತುಂಬಾ ಇದೆ. ಬರೀ ಕಾಂಕ್ರೀಟಿನ ಮೇಲೆ ಅದು ಬೇಡ.

ಹಾಗಾಗಿ ಎದ್ದು ನಿಂತಿದ್ದ ಅಂಟನ್ನು ಒದ್ದೆ ಮಾಡಿ ಕೈಯಲ್ಲೇ ಕೆರೆದೆವು. ತೆಳ್ಳಗೆ ಕಪ್ಪು ಕಲೆ ಉಳಿಯಿತು, ಉಳಿಯಲಿ ಅಂತ ಬಿಟ್ಟೆವು. ಅದನ್ನು ತೆಗೆಯಲು ಹೋಗಿ ಕಾಂಕ್ರೀಟ್ ಉಜ್ಜುವುದರಲ್ಲಿ ಅರ್ಥವಿಲ್ಲ. ಅದರ ಬದಲು ಹೊಸ ನೆಲವನ್ನೇ ಬದಲಾಯಿಸಿದೆವು. ಅಂಟೇ ಬೇಡದ, ಒಂದಕ್ಕೊಂದು ಕ್ಲಿಕ್ ಆಗಿ ಕೂರುವ ಎಸ್‌ಪಿಸಿ (ಕಲ್ಲಿನ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ) ಹಲಗೆ, ಅದರ ಕೆಳಗೆ ಡಾಂಬರು ತಾಗದ ಹಾಗೆ ಪಾಲಿಥೀನ್ ಶೀಟು. ಕೆಳಗಿನ ನೆಲಕ್ಕೆ ತಕ್ಕ ಹಾಗೆ ಮೇಲಿನದನ್ನು ಆರಿಸಿಕೊಂಡರೆ ಎಷ್ಟೋ ಕಡೆ ಕೀಳುವ ಕೆಲಸವೇ ಅರ್ಧ ಕಡಿಮೆಯಾಗುತ್ತದೆ.

ಹಾಲ್

ಹಾಲ್‌ನ ಟೈಲ್ಸು ಬೇಸಿಗೆಯಲ್ಲಿ ನಡುವೆ ಉಬ್ಬಿ ಎದ್ದಿತ್ತು. ಗೋಡೆಯ ತನಕ ಜಾಗ ಬಿಡದೆ ಒತ್ತಾಗಿ ಕೂರಿಸಿದ್ದರು, ಬಿಸಿಲಿಗೆ ಹಿಗ್ಗಿದಾಗ ಹೋಗಲು ದಾರಿ ಇರಲಿಲ್ಲ. ಇನ್ನೊಂದು ಕಾರಣ ಬಿಚ್ಚಿದಾಗ ಕಂಡಿತು. ಹಳೇ ಐಪಿಎಸ್ ನೆಲಕ್ಕೆ ಕಚ್ಚು ಹಾಕದೆ ನಯವಾದ ಮೈಯ ಮೇಲೆಯೇ ಗಾರೆ ಸುರಿದಿದ್ದರು. ಹಿಡಿತ ಇರಲಿಲ್ಲ. ಟೈಲ್ಸ್ ಏಳಲು ಕಾರಣವಾದ ಆ ಸಡಿಲವೇ ಈಗ ನಮಗೆ ಅನುಕೂಲವಾಯಿತು.

ಟೈಲ್ಸ್ ಮೇಲೆ ಟೈಲ್ಸ್ ಹಾಕಬಹುದಲ್ವಾ ಅಂತ ಮಗಳು ಫೋನಿನಲ್ಲಿ ಕೇಳಿದ್ದರು. ಕೆಳಗಿನದು ಗಟ್ಟಿಯಾಗಿ ಹಿಡಿದಿದ್ದರೆ ಅದು ಒಳ್ಳೆಯ ದಾರಿಯೇ. ಇಲ್ಲಿ ತಟ್ಟಿದರೆ ಮುಕ್ಕಾಲು ಭಾಗ ಟೊಳ್ಳು. ಟೊಳ್ಳಿನ ಮೇಲೆ ಇನ್ನೊಂದು ಪದರ ಹಾಕಿದರೆ ಎರಡೂ ಒಟ್ಟಿಗೆ ಏಳುತ್ತವೆ. ಭಾರವೂ ಸೇರುತ್ತದೆ.

ಒಂದು ಸಾಲು ಟೈಲ್ಸನ್ನು ನಡುವೆ, ಗೋಡೆಯಿಂದ ದೂರ, ಮೊದಲು ಬಿಡಿಸಿದೆವು. ಗ್ರೈಂಡರಿನಲ್ಲಿ ಟೈಲ್ಸಿನ ದಪ್ಪಕ್ಕಷ್ಟೇ ಗೀಟು ಹಾಕಿ, ಆ ಗೀಟಿನಿಂದ ಚಪ್ಪಟೆ ಹಾರೆಯನ್ನು ಗಾರೆಯ ಕೆಳಗೆ ತೂರಿಸಿ ಮೆಲ್ಲಗೆ ಎತ್ತುವುದು. ಹಾರೆಯ ಕೆಳಗೆ ಒಂದು ಮರದ ತುಂಡು ಕೊಟ್ಟರೆ ನೆಲಕ್ಕೆ ಏಟು ತಾಗುವುದಿಲ್ಲ. ಎರಡು ಮೂರು ಟೈಲ್ಸು ಗಾರೆ ಸಮೇತ ಒಟ್ಟಿಗೆ ಬರುತ್ತಿದ್ದವು. ಬಚ್ಚಲಿನ ಬಾಗಿಲ ಹತ್ತಿರ ಮಾತ್ರ ಗಟ್ಟಿಯಾಗಿ ಹಿಡಿದಿತ್ತು. ಅಲ್ಲಿ ಸಣ್ಣ ರೋಟರಿ ಹ್ಯಾಮರಿಗೆ ಎರಡು ಇಂಚು ಅಗಲದ ಚಪ್ಪಟೆ ಉಳಿ ಹಾಕಿದೆವು. ಉಳಿ ನೆಲಕ್ಕೆ 30 ಡಿಗ್ರಿಗಿಂತ ಜಾಸ್ತಿ ಏಳಬಾರದು. ನೆಟ್ಟಗೆ ನಿಲ್ಲಿಸಿದರೆ ಹೊಡೆತ ಕಾಂಕ್ರೀಟಿಗೆ ಹೋಗುತ್ತದೆ, ಮಲಗಿಸಿದರೆ ಎರಡು ಪದರದ ನಡುವೆ ಹೋಗುತ್ತದೆ. ನಮ್ಮ ಮೇಸ್ತ್ರಿ ಇದನ್ನು ಎಷ್ಟು ಸಲ ಹೇಳಿದರೂ ಹೊಸ ಹುಡುಗರ ಕೈ ತಾನಾಗಿ ಉಳಿಯನ್ನು ನೆಟ್ಟಗೆ ಮಾಡುತ್ತದೆ. ಪಕ್ಕದಲ್ಲಿ ನಿಂತೇ ಮಾಡಿಸಬೇಕು.

ಕೊನೆಯ ಮೂರು ನಾಲ್ಕು ಮಿಲಿಮೀಟರ್ ಗಾರೆಗೆ ಉಳಿ ಮುಟ್ಟಿಸಲಿಲ್ಲ. ಡೈಮಂಡ್ ಕಪ್ ವೀಲ್ ಹಾಕಿದ ಗ್ರೈಂಡರು, ಅದಕ್ಕೆ ಮುಚ್ಚಳ, ಮುಚ್ಚಳಕ್ಕೆ ವ್ಯಾಕ್ಯೂಮ್. ಕಾಂಕ್ರೀಟ್ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹಾಗಾಗಿ ಇಲ್ಲೂ ಮಾಸ್ಕು.

ಕಿತ್ತ ಮಾಲಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಇದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಹಾಲ್ 14 ಅಡಿಗೆ 18 ಅಡಿ, ಅಂದರೆ 23 ಚದರ ಮೀಟರಿಗೆ ಸ್ವಲ್ಪ ಮೇಲೆ. ಟೈಲ್ಸು, ಗಾರೆ ಸೇರಿ ಚದರ ಮೀಟರಿಗೆ 78 ಕೆಜಿ ಆಸುಪಾಸು. ಒಟ್ಟು ಸುಮಾರು 1.8 ಟನ್. ಮನೆಯ ಕೋಣೆಗೆ, ಕಟ್ಟಡದ ಭಾರದ ಮಾನಕವಾದ ಐಎಸ್ 875ರ ಎರಡನೇ ಭಾಗ ಹಿಡಿಯಲು ಹೇಳುವ ಬಳಕೆಯ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ 200 ಕೆಜಿ. ಎಲ್ಲವನ್ನೂ ಒಂದು ಮೂಲೆಗೆ ಎರಡು ಚದರ ಮೀಟರಿನಲ್ಲಿ ಗುಡ್ಡೆ ಹಾಕಿದರೆ ಅಲ್ಲಿ ಚದರ ಮೀಟರಿಗೆ 900 ಕೆಜಿ ಬೀಳುತ್ತದೆ, ಲೆಕ್ಕದ ನಾಲ್ಕೂವರೆ ಪಟ್ಟು. ಉಳಿ ತಾಗದಿದ್ದರೂ ಸ್ಲ್ಯಾಬ್ ಬಿರುಕು ಬಿಡಲು ಇದೊಂದೇ ಸಾಕು. ಅರ್ಧ ಚೀಲ ತುಂಬಿ, ಹಾಲ್ ತುಂಬ ಹರಡಿ ಇಟ್ಟು, ಆಯಾ ದಿನದ್ದನ್ನು ಆಯಾ ದಿನವೇ ಕೆಳಗಿಳಿಸಿದೆವು. ಆಷಾಢ ಶುಕ್ರವಾರ ಅರ್ಧ ಜನ ಚಾಮುಂಡಿ ಬೆಟ್ಟಕ್ಕೆ ಹೋಗಿದ್ದರು. ಇಳಿಸಲು ಆಳು ಸಾಲದು ಅಂತ ಆ ದಿನ ಕೀಳುವುದನ್ನೇ ನಿಲ್ಲಿಸಿದೆವು.

ನಡುಕೋಣೆಯಲ್ಲಿ ಕೆಂಪು ನೆಲ

ವಿನೈಲ್ ಶೀಟನ್ನು ಅರ್ಧ ಅಡಿ ಅಗಲದ ಪಟ್ಟಿಯಾಗಿ ಕತ್ತರಿಸಿ, ಬೆಚ್ಚಗೆ ಮಾಡಿ, ನೆಲಕ್ಕೆ ಸಮಾನಾಂತರವಾಗಿ ಹಿಂದಕ್ಕೆ ಎಳೆದರೆ ಬಂದುಬಿಡುತ್ತದೆ. ಮೇಲಕ್ಕೆ ಎಳೆದರೆ ಹರಿಯುತ್ತದೆ. ಎರಡನೇ ಪಟ್ಟಿ ಎದ್ದಾಗ ಅಂಟಿನ ನಡುವೆ ಕೆಂಪು ಬಣ್ಣ ಕಂಡಿತು. ಸಿಮೆಂಟಿಗೆ ರೆಡ್ ಆಕ್ಸೈಡ್ ಬೆರೆಸಿ, ಕರಣೆಯಲ್ಲಿ ತಿಕ್ಕಿ ತಿಕ್ಕಿ ಹೊಳಪು ತಂದ ನೆಲ. ಅಮ್ಮ ಮೇಲೆ ಬಂದು ನೋಡಿ, "ಅಯ್ಯೋ, ಇದು ನಾವು ಮೊದಲು ಹಾಕ್ಸಿದ್ದು. ಆಫೀಸಿನೋರು ಮುಚ್ಚಿಬಿಟ್ಟಿದ್ರು" ಅಂದರು.

ಇಂಥ ನೆಲ ಈಗ ಹಾಕುವವರೇ ಕಡಿಮೆ. ಕೆಂಪು ಪದರದ ದಪ್ಪ ಕೆಲವೇ ಮಿಲಿಮೀಟರ್. ಗ್ರೈಂಡರ್ ಒಂದು ಸುತ್ತು ಹೋದರೆ ಮುಗಿಯಿತು. ಹಾಗಾಗಿ ಅಲ್ಲಿ ಯಂತ್ರ ನಿಷೇಧ. ರಬ್ಬರ್ ಅಂಟನ್ನು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆದು, ಉಳಿದದ್ದನ್ನು ಟರ್ಪೆಂಟೈನ್ ಅದ್ದಿದ ಬಟ್ಟೆಯಲ್ಲಿ ಒಂದೊಂದು ಅಡಿಯಂತೆ ಒರೆಸಿದೆವು. ಕಿಟಕಿ ಎಲ್ಲ ತೆಗೆದು, ಸ್ವಿಚ್ ಮುಟ್ಟದೆ, ಬೀಡಿ ಸಿಗರೇಟು ಹತ್ತಿರ ಬಾರದ ಹಾಗೆ ನೋಡಿಕೊಂಡು.

ಪಕ್ಕದ ಕೋಣೆಯಲ್ಲಿ ಬೇಡ ಅಂದ ದ್ರಾವಕ ಇಲ್ಲಿ ಹೇಗೆ ಸರಿ? ತಿಕ್ಕಿ ಹೊಳಪು ತಂದ ಕೆಂಪು ನೆಲದ ಮೈ ಬಿಗಿಯಾಗಿರುತ್ತದೆ, ಒಳಕ್ಕೆ ಇಳಿಯುವುದು ಕಡಿಮೆ. ಅದಕ್ಕಿಂತ ಮುಖ್ಯ, ಇದರ ಮೇಲೆ ಏನನ್ನೂ ಅಂಟಿಸುವುದಿಲ್ಲ. ಇದೇ ಕೊನೆಯ ನೆಲ. ಸ್ವಲ್ಪ ಜಿಡ್ಡು ಉಳಿದರೂ ತೊಂದರೆಯಿಲ್ಲ. ಅಮ್ಮ ಆಮೇಲೆ ಕೊಬ್ಬರಿ ಎಣ್ಣೆ ಸವರಿಸಿ ಒರೆಸಿಸಿದರು. ಅಂಚಿನಲ್ಲಿ ಎರಡು ಬಿರುಕು ಇವೆ, ಹಾಗೇ ಇರಲಿ ಅಂದರು.

ಗುಂಡಿ ರಿಪೇರಿ, ಪರೀಕ್ಷೆ

ಹಾಲ್ ಮೂಲೆಯ ಗುಂಡಿಯಲ್ಲಿ ಅಲುಗಾಡುವ ಕಾಂಕ್ರೀಟನ್ನೆಲ್ಲ ಕೈ ಉಳಿಯಲ್ಲಿ ತೆಗೆದು, ಅಂಚನ್ನು ಚೌಕ ಮಾಡಿ, ಕಂಬಿಯನ್ನು ವೈರ್ ಬ್ರಷ್ ಹಾಕಿ ಉಜ್ಜಿ ತುಕ್ಕು ತಡೆಯುವ ಪ್ರೈಮರ್ ಬಳಿದೆವು. ಹಳೇ ಕಾಂಕ್ರೀಟಿಗೆ ನೀರು ಕುಡಿಸಿ, ಮೇಲೆ ನಿಂತ ನೀರು ಒರೆಸಿ, ಪಾಲಿಮರ್ ಬೆರೆತ ರಿಪೇರಿ ಗಾರೆಯನ್ನು ಪದರ ಪದರವಾಗಿ ತುಂಬಿದೆವು. ಕ್ಯೂರಿಂಗನ್ನು ಗಾರೆಯ ಚೀಲದ ಮೇಲೆ ಬರೆದ ಹಾಗೆಯೇ ಮಾಡಿದೆವು.

ಆಷಾಢದ ಜಿಟಿಜಿಟಿ ಮಳೆ ಇತ್ತು. ಟೈಲ್ಸ್ ಕೂರಿಸುವ ಮೊದಲು ಒಂದೂವರೆ ಅಡಿ ಚೌಕದ ಪಾಲಿಥೀನ್ ಶೀಟುಗಳನ್ನು ನಾಲ್ಕು ಕಡೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, 16 ಗಂಟೆಗೂ ಮೇಲೆ ಬಿಟ್ಟೆವು. ಬಚ್ಚಲಿನ ಗೋಡೆ ಪಕ್ಕದ ಶೀಟಿನ ಕೆಳಗೆ ಹನಿ ಕಟ್ಟಿತ್ತು. ಬಚ್ಚಲಿನ ಟ್ರ್ಯಾಪ್ ಜಾಯಿಂಟು ಸೋರುತ್ತಿತ್ತು. ಅದು ಸರಿಯಾಗಿ, ಇನ್ನೊಂದು ಸಲ ಶೀಟು ಒಣಗಿದ್ದು ನೋಡಿದ ಮೇಲೆ ಮುಂದಿನ ಕೆಲಸ. ಹಾಲ್ ತುಂಬ ಅಲ್ಲಲ್ಲಿ ನೀರಿನ ಹನಿ ಬಿಟ್ಟೂ ನೋಡಿದೆವು. ನೆಲ ಹನಿಯನ್ನು ಹೀರಿದರೆ ಅಂಟು ಹಿಡಿಯುತ್ತದೆ. ಹನಿ ಮುತ್ತಿನಂತೆ ನಿಂತರೆ ಅಲ್ಲಿ ಎಣ್ಣೆಯೋ ಹಳೇ ಅಂಟೋ ಇದೆ ಅಂತ. ಹಾಲ್‌ನಲ್ಲಿ ಎಲ್ಲ ಕಡೆ ಹೀರಿತು. ಈ ಸಲ ಟೈಲ್ಸಿಗೂ ಗೋಡೆಗೂ ನಡುವೆ 8ರಿಂದ 10 ಮಿಲಿಮೀಟರ್ ಜಾಗ ಬಿಟ್ಟು, ಸ್ಕರ್ಟಿಂಗಿನಲ್ಲಿ ಮುಚ್ಚಿದೆವು.

ಕೂಲಿ ಲೆಕ್ಕದಲ್ಲಿ ಮೊದಲ ಗುತ್ತಿಗೆದಾರರ ರೇಟಿಗಿಂತ ಹತ್ತಿರ ಹತ್ತಿರ ಎರಡರಷ್ಟಾಯಿತು. ಮುಚ್ಚಿಡುವ ಮಾತಲ್ಲ ಇದು. ನಡುಕೋಣೆಗೆ ಹೊಸ ನೆಲದ ಖರ್ಚೇ ಬರಲಿಲ್ಲ, ಅದರಲ್ಲಿ ಒಂದಿಷ್ಟು ವಾಪಸ್ ಬಂತು. ಕೆಳಗಿನ ಸೀಲಿಂಗಿಗೆ ಹೊಸ ಗಾರೆ ಮಳೆ ಮುಗಿದ ಮೇಲೆ ಮಾಡುವುದು ಅಂತ ಮಾತಾಗಿದೆ.

ಮನೆಯವರಿಗೆ ಒಂದು ಹಾಳೆ ಬರೆದುಕೊಟ್ಟಿದ್ದೇವೆ. ಯಾವ ಕೋಣೆಯಲ್ಲಿ ಯಾವ ಪದರ ಇದೆ, ಹಾಲ್‌ನಲ್ಲಿ ರಿಪೇರಿ ಆದ ಜಾಗ ಗೋಡೆಯಿಂದ ಎಷ್ಟು ದೂರ, ಲ್ಯಾಬ್ ರಿಪೋರ್ಟಿನ ಪ್ರತಿ. ಹಿಂದಿನ ಕೋಣೆಯ ಬಗ್ಗೆ ದಪ್ಪಕ್ಷರದಲ್ಲಿ ಬರೆದಿದೆ: ಹಲಗೆಯ ಕೆಳಗೆ ಹಳೇ ಕಪ್ಪು ಅಂಟು ಉಳಿದಿದೆ, ಅದರಲ್ಲಿ ಆಸ್ಬೆಸ್ಟಾಸ್ ಚೂರು ಇರಬಹುದು, ಅಲ್ಲಿ ಒಣ ಗ್ರೈಂಡರ್ ಹಿಡಿಯಬಾರದು, ಮುಂದೆ ಯಾರೇ ಎಲೆಕ್ಟ್ರಿಷಿಯನ್ನು, ಪ್ಲಂಬರು ನೆಲ ಕೊರೆಯಲು ಬಂದರೂ ಈ ಹಾಳೆಯನ್ನು ಮೊದಲು ತೋರಿಸಬೇಕು. ಮೇಷ್ಟ್ರು ಅದನ್ನು ಮನೆಯ ಪತ್ರಗಳ ಫೈಲಿನಲ್ಲೇ ಇಟ್ಟಿದ್ದಾರೆ. ಒಂದು ಪ್ರತಿ ಮಗಳ ಫೋನಿನಲ್ಲೂ ಇದೆ.